ಶಟ್‌ಡೌನ್ ಕೊಟ್ಟರೂ ಆರದ, ಮಲಗಿಸಿದರೂ ಮಲಗದ ಲ್ಯಾಪ್‌ಟಾಪ್

ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಮರ ಬಿದ್ದು ಕರೆಂಟ್ ಹೋದರೆ ಮತ್ತೆ ಬರುವುದು ಯಾವಾಗಲೋ. ಮುಚ್ಚಿಟ್ಟ ಲ್ಯಾಪ್‌ಟಾಪ್ ಅಷ್ಟರಲ್ಲಿ ಬ್ಯಾಟರಿ ಖಾಲಿ ಮಾಡಿಕೊಂಡಿದ್ದರೆ ಕೆಲಸ ನಿಂತಂತೆಯೇ.

ಶಟ್‌ಡೌನ್ ಕೊಟ್ಟರೂ ಸರಿಯಾಗಿ ಆರದಿದ್ದರೆ, ವಿಂಡೋಸ್ 10, 11ರಲ್ಲಿ ನನ್ನ ಮೊದಲ ಅನುಮಾನ ಬೇಗ ಬೂಟ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಮೇಲೆ. ಇದು ಆನ್ ಇದ್ದರೆ ಶಟ್‌ಡೌನ್ ಹೊತ್ತಿನಲ್ಲಿ ಕರ್ನಲ್ (ವಿಂಡೋಸ್‌ನ ತಿರುಳು), ಡ್ರೈವರ್‌ಗಳ (ಸಾಧನಗಳನ್ನು ನಡೆಸುವ ತಂತ್ರಾಂಶ) ಸ್ಥಿತಿ ಡಿಸ್ಕ್‌ನಲ್ಲಿ ಉಳಿಯುತ್ತದೆ. ಡ್ರೈವರ್ ತಪ್ಪು ಸ್ಥಿತಿಯಲ್ಲಿದ್ದರೆ ಮುಂದಿನ ಸಲವೂ ಅದೇ ತೊಂದರೆ ಎದ್ದು ಬರುತ್ತದೆ. ಪರೀಕ್ಷೆ ಸುಲಭ: ಶಿಫ್ಟ್ ಕೀ ಒತ್ತಿ ಹಿಡಿದೇ ಶಟ್‌ಡೌನ್ ಕೊಡಿ. ಆಗ ಆ ಸ್ಥಿತಿ ಉಳಿಯದೆ ಪೂರ್ತಿ ಆರುತ್ತದೆ. ಹಾಗೆ ಸರಿಹೋದರೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ತೆರೆದು, ಬದಲಾವಣೆಗೆ ಅನುಮತಿ ಕೊಡುವ ಮೇಲಿನ ಲಿಂಕ್ ಒತ್ತಿ, ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಬೂಟ್ ಆಗಲು ತುಸು ಹೆಚ್ಚು ಹೊತ್ತು ಹಿಡಿದೀತು, ಚಿಂತೆಯಿಲ್ಲ.

ಮಲಗಿಸಿದ ಲ್ಯಾಪ್‌ಟಾಪ್ ತಾನಾಗಿ ಎಚ್ಚರಗೊಳ್ಳುತ್ತಿದ್ದರೆ, ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಪವರ್ ಟ್ರಬಲ್‌ಶೂಟರ್ ಸಾಲು ಹುಡುಕಿ. ‘ವೇಕ್ ಸೋರ್ಸ್’ ಎಂದು ಕಾರಣ ಬರೆದಿರುತ್ತದೆ. ಬಹಳ ಸಲ ಅದು ನೆಟ್‌ವರ್ಕ್ ಕಾರ್ಡ್ ಅಥವಾ ಮೌಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋಗಿ, ಕಂಪ್ಯೂಟರ್ ಎಬ್ಬಿಸುವ ಅನುಮತಿ ತೆಗೆದುಬಿಡಿ.

ಹೊಸ ಮಾಡೆಲ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಇರುತ್ತದೆ. ಮುಚ್ಚಿದರೂ ಒಳಗೆ ಸಣ್ಣಪುಟ್ಟ ಕೆಲಸ ನಡೆದೇ ಇರುತ್ತದೆ, ಚೀಲದೊಳಗೆ ಬಿಸಿಯಾಗುತ್ತದೆ. ಕುಶಾಲನಗರದಿಂದ ಮೈಸೂರಿಗೆ ಬಸ್ ಹತ್ತುವವರು ದಯವಿಟ್ಟು ಮುಚ್ಚಳಕ್ಕೆ ಸ್ಲೀಪ್ ಬದಲು ಹೈಬರ್ನೇಟ್ ಹೊಂದಿಸಿ. ಮೆಮೊರಿ ಡಿಸ್ಕ್‌ಗೆ ಹೋಗುವುದರಿಂದ ಬ್ಯಾಟರಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಪವರ್ ಬಟನ್ 10 ಸೆಕೆಂಡ್ ಅದುಮಿ ಆರಿಸುವುದು ಕೊನೆಯ ಉಪಾಯ ಮಾತ್ರ. ಸೇವ್ ಮಾಡದ್ದೆಲ್ಲ ಹೋಗುತ್ತದೆ. ಲಾಗ್‌ನಲ್ಲಿ ಕಾಣುವ ಕರ್ನಲ್ ಪವರ್ 41 ಎಂಬ ಸಾಲು ಕಂಪ್ಯೂಟರ್ ಸರಿಯಾಗಿ ಆರಲಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ.