ಬಂದ್ರಾ ಅಕ್ಕ? ಸರಿ, ಹೊರಡೋಣ

ಕಳೆದ ಶನಿವಾರ ಕುದುರೆಮುಖದ ದಾರಿಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದೆ. "ಬಂದ್ರಾ ಅಕ್ಕ? ಸರಿ, ಹೊರಡೋಣ." ಸೋಮವಾರದಿಂದ ಆಫೀಸಿನಲ್ಲಿ ಕೂತರೂ ಅದೇ ಕಿವಿಯಲ್ಲಿದೆ.

ಹಾಗಂದವನು ಕೆಟ್ಟವನೇನಲ್ಲ. ನಮ್ಮ ವಾರಾಂತ್ಯದ ತಿರುಗಾಟಗಳೆಲ್ಲ ನಡೆಯುವುದೇ ಅವನಿಂದ. ಅರಣ್ಯ ಇಲಾಖೆಯ ಪಾಸ್ ಬುಕ್ ಮಾಡುವುದು, ಟಿಟಿ (ಟೆಂಪೋ ಟ್ರಾವೆಲರ್) ಗೊತ್ತು ಮಾಡುವುದು, ಕಳಸದ ಕಡೆ ಹೋಂಸ್ಟೇಗೆ ಫೋನ್ ಮಾಡಿ ಊಟದ ಲೆಕ್ಕ ಹೇಳುವುದು, ಎಲ್ಲ ಅವನೇ. ಯಾರಿಗಾದರೂ ಶೂ ಇಲ್ಲ ಅಂದರೆ ತನ್ನ ಮನೆಯಿಂದ ತಂದುಕೊಡುತ್ತಾನೆ. ಅಂಥವನ ಬಾಯಲ್ಲಿ ಬಂತಲ್ಲ ಅಂತಲೇ ಈ ಮಾತು ಇಷ್ಟು ಕಾಡುತ್ತಿರುವುದು.

ಗುಡ್ಡ ಹತ್ತಿ ಅಭ್ಯಾಸ ಇರುವವರಿಗೆ ಇದು ಗೊತ್ತೇ ಇರುತ್ತದೆ. ಮುಂದೆ ಹೋದವರು ಹಳ್ಳದ ಹತ್ತಿರ ಬ್ಯಾಗ್ ಇಳಿಸಿ ಕೂರುತ್ತಾರೆ. ನೀರು ಕುಡಿಯುತ್ತಾರೆ, ಕಡಲೆ ಚಿಕ್ಕಿ ಹಂಚಿಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಬೆವರು ಆರುತ್ತದೆ. ಕಾಲು ಗಂಟೆ ಕಳೆದ ಮೇಲೆ ಹಿಂದೆ ಉಳಿದವರು ಏದುಸಿರು ಬಿಡುತ್ತಾ ಬರುತ್ತಾರೆ. ಅವರ ತಲೆ ಕಂಡ ಕೂಡಲೇ ಕೂತವರೆಲ್ಲ ಎದ್ದು ಪ್ಯಾಂಟ್ ಕೊಡವುತ್ತಾರೆ. ಇಷ್ಟು ಹೊತ್ತು ಕಾದೆವಲ್ಲ, ಇನ್ನೇನು! ಹೀಗೆ ಕಡಿಮೆ ದಣಿದವರಿಗೆ ಕಾಲು ಗಂಟೆ ವಿಶ್ರಾಂತಿ, ಜಾಸ್ತಿ ದಣಿದವರಿಗೆ ಒಂದು ಗುಟುಕು ನೀರು. ಮುಂದಿನ ಹಳ್ಳದಲ್ಲೂ ಇದೇ ಕತೆ. ಹತ್ತುತ್ತಾ ಹೋದಂತೆ ಇಬ್ಬರ ನಡುವಿನ ಅಂತರ ಹೆಚ್ಚುತ್ತದೆ. ಆಮೇಲೆ "ಪಾಪ, ಅವರಿಗೆ ಸ್ಟ್ಯಾಮಿನಾ ಇಲ್ಲ" ಅನ್ನುವ ತೀರ್ಪು ಬರುತ್ತದೆ.

ಅಕ್ಕ ನಮ್ಮ ಆಫೀಸಿನವರು. ನಮಗಿಂತ ಹದಿನೈದು ವರ್ಷ ದೊಡ್ಡವರು, ಹಾಗಾಗಿ ಎಲ್ಲರಿಗೂ ಅಕ್ಕ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ಇದ್ದವರಂತೆ. ಮದುವೆ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಇದೆಲ್ಲದರ ನಡುವೆ ಬೆಟ್ಟ ಅಂತ ನೋಡಿದ್ದು ದೇವಸ್ಥಾನಕ್ಕೆ ಹೋದಾಗ ಮಾತ್ರ. ಈ ಸಲ ತಾವಾಗಿಯೇ "ನಾನೂ ಬರ್ಲಾ?" ಅಂತ ಕೇಳಿದ್ದರು. ಮೊಣಕಾಲಿಗೆ ಪಟ್ಟಿ ಹಾಕಿಕೊಂಡು, ಎಲ್ಲರಿಗೂ ಆಗುವಷ್ಟು ಕೋಡುಬಳೆ ಮಾಡಿಕೊಂಡು ಬಂದಿದ್ದರು.

ಸಂಸೆಯ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡಿಗೆ. ಹೋಗಿ ಬರುವುದು ಸೇರಿ ಸುಮಾರು 20 ಕಿಲೋಮೀಟರ್. ಮೇಲೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಜೊತೆಗೆ ಊರಿನ ಗೈಡ್ ಇರಬೇಕು. ನಮ್ಮ ಜೊತೆ ಬಂದವರಿಗೆ ಐವತ್ತರ ಮೇಲೆ ವಯಸ್ಸು. ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಮಳೆ ಕಡಿಮೆಯಾಗಿದ್ದರೂ ಗುಡ್ಡದ ಸಂದಿಯ ದಟ್ಟ ಶೋಲಾ ಕಾಡಿನೊಳಗೆ ಜಿಗಣೆ ಹೋಗಿರಲಿಲ್ಲ.

ನಾನು ಅಕ್ಕನ ಜೊತೆಯಲ್ಲೇ ನಡೆಯುತ್ತಿದ್ದೆ. ಮೊದಲ ಹಳ್ಳದಲ್ಲಿ ಆ ಮಾತು ಬಂದಾಗ ಅಕ್ಕ ನಕ್ಕು ಮುಂದೆ ನಡೆದರು. ಎರಡನೆಯ ಕಡೆ ಕೂರಲು ಕಲ್ಲು ಹುಡುಕುತ್ತಿದ್ದರು. ಅಷ್ಟರಲ್ಲಿ ಎಲ್ಲರೂ ಬ್ಯಾಗ್ ಏರಿಸಿದ್ದರು. ಕೂರಲಿಲ್ಲ. ಮೂರನೆಯ ಕಡೆ "ನೀವು ಹೋಗ್ತಿರಿ, ನಾನು ನಿಧಾನಕ್ಕೆ ಬರ್ತೀನಿ" ಅಂದರು. ನಿಧಾನ ನಡೆಯುವವರೆಲ್ಲ ಹೇಳುವ ಮಾತು ಇದು. ಯಾರಿಗೂ ಭಾರ ಆಗಬಾರದು ಅಂತ ಹೇಳುತ್ತಾರೆ. ಕೇಳಿದವರು ಅದನ್ನು ಹಾಗೆಯೇ ನಂಬಿ ಹೊರಟುಬಿಡುತ್ತಾರೆ. ಅವತ್ತೂ ಹೊರಟರು.

ಒಂಟಿ ಮರ ದಾಟಿ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಗುಂಪು ಸಿಕ್ಕಿತು. ಮತ್ತೆ ಅದೇ: "ಬಂದ್ರಾ ಅಕ್ಕ? ಸರಿ, ಹೊರಡೋಣ." ಆಗ ಗೈಡ್ ಕೂತಲ್ಲಿಂದ ಏಳದೆ ಹೇಳಿದರು, "ಅಕ್ಕ ಕೂರಲಿ. ಅವರು ಎದ್ದ ಮೇಲೆ ಹೊರಡುವ."

ಅಕ್ಕ ಕೂತು ಶೂ ಬಿಚ್ಚಿದರು. ಬಿಳಿ ಸಾಕ್ಸ್ ಹಿಮ್ಮಡಿಯಿಂದ ಬೆರಳಿನವರೆಗೆ ಕೆಂಪಾಗಿತ್ತು. ರಕ್ತ ಕುಡಿದು ಉಬ್ಬಿದ ಜಿಗಣೆಗಳು ಬೆರಳ ಸಂದಿಯಲ್ಲಿ ಇನ್ನೂ ಅಂಟಿಕೊಂಡಿದ್ದವು, ಇನ್ನೆರಡು ಜಿಗಣೆ ಶೂ ಒಳಗೆ ಬಿದ್ದಿದ್ದವು. ಉಳಿದವರೆಲ್ಲ ಪ್ರತಿ ಹಳ್ಳದಲ್ಲೂ ಕೂತು, ಕಾಲು ನೋಡಿಕೊಂಡು, ಉಪ್ಪು ಮುಟ್ಟಿಸಿ ಬಿಡಿಸಿಕೊಂಡಿದ್ದರು. ಅಕ್ಕನಿಗೆ ಬಗ್ಗಿ ನೋಡುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ. ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದರ ಜೊಲ್ಲಿನಲ್ಲಿ ಹಾಗೊಂದು ಅಂಶ ಇರುತ್ತದೆ. ಗೈಡ್ ಒಂದೊಂದಕ್ಕೂ ಉಪ್ಪಿನ ಗಂಟು ಒತ್ತಿ ಬಿಡಿಸಿದರು. ಯಾರೂ ಮಾತಾಡಲಿಲ್ಲ.

ಅಕ್ಕ ನೀರು ಕುಡಿದು, ಕೋಡುಬಳೆಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದರು. ಗೈಡ್ ಇನ್ನೊಂದು ಮಾತು ಹೇಳಿದರು. "ಇನ್ನು ಅಕ್ಕ ಮುಂದೆ. ಅವರನ್ನು ದಾಟಿ ಯಾರೂ ಹೋಗುವುದು ಬೇಡ. ಒಂದೂವರೆಗೆ ಎಲ್ಲಿರ್ತೇವೋ ಅಲ್ಲಿಂದ ವಾಪಸ್."

ಅಲ್ಲಿಂದ ಮುಂದಿನದ್ದು ಬೇರೆಯೇ ನಡಿಗೆ. ನಾವು ಸಾಲಾಗಿ, ಒಂದೇ ಹದದಲ್ಲಿ, ಎಲ್ಲೂ ಜಾಸ್ತಿ ಹೊತ್ತು ಕೂರದೆ ಹೋದೆವು. ಗೈಡ್ ಹೇಳುವುದು ಕೊನೆಯವರಿಗೂ ಕೇಳುತ್ತಿತ್ತು. ಈ ಬೋಳು ಹುಲ್ಲುಗುಡ್ಡ, ಸಂದಿಯಲ್ಲಿ ಕಾಣುವ ಕಾಡು, ಎರಡೂ ಸೇರಿ ಮಳೆನೀರು ಹಿಡಿದಿಟ್ಟು ಬೇಸಿಗೆಯವರೆಗೆ ಬಿಡುತ್ತವೆ ಅಂದರು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ ಅನ್ನುವ ಗಂಗಾಮೂಲ ಈ ಕಾಡಿನಲ್ಲೇ ಇದೆ. 2005ರ ಕೊನೆಗೆ ಇಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಾಗ ಕುದುರೆಮುಖ ಪಟ್ಟಣದ ಜನ ಸಾಮಾನು ಕಟ್ಟಿಕೊಂಡು ಹೋದದ್ದನ್ನೂ ಹೇಳಿದರು. ಬೆಳಗ್ಗೆಯಿಂದ ಇವರು ನಮ್ಮ ಜೊತೆಗೇ ಇದ್ದರು. ಆದರೆ ಇವರ ಬಾಯಿಂದ ಇಷ್ಟು ಮಾತು ಕೇಳಿದ್ದು ಅಕ್ಕ ಮುಂದೆ ನಡೆಯಲು ಶುರು ಮಾಡಿದ ಮೇಲೆ.

ತುದಿ ಮುಟ್ಟಲಿಲ್ಲ. ಒಂದೂವರೆ ಆದಾಗ ಶಿಖರ ಎದುರಿಗೇ ಕಾಣುತ್ತಿತ್ತು, ಇನ್ನು ಅರ್ಧ ಗಂಟೆಯ ದಾರಿ ಇದ್ದೀತು. ಗೈಡ್ ಒಪ್ಪಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಇಳಿದೆವು.

ಮಂಗಳವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ, "ಹೊರಡೋಣ" ಅಂದವನ ಮೆಸೇಜ್ ಬಂತು. "ಮುಂದಿನ ಸಲದಿಂದ ಫಾಸ್ಟ್, ಸ್ಲೋ ಅಂತ ಎರಡು ಗುಂಪು ಮಾಡೋಣ. ಯಾರಿಗೂ ಬೇಜಾರಾಗಲ್ಲ." ಅದರ ಕೆಳಗೆ ಮೊದಲ ಉತ್ತರ ಅಕ್ಕನದ್ದೇ. "ಒಳ್ಳೇದಪ್ಪ, ಹಾಗೇ ಮಾಡಿ." ಜೊತೆಗೊಂದು ಹೆಬ್ಬೆರಳು. ಆಮೇಲೆ ಎಲ್ಲರೂ ಹೆಬ್ಬೆರಳು ಒತ್ತಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಗುಡ್ಡದ ಮೇಲೆ "ನೀವು ಹೋಗ್ತಿರಿ" ಅಂದದ್ದೂ, ಇಲ್ಲಿ "ಒಳ್ಳೇದಪ್ಪ" ಅಂದದ್ದೂ ಒಂದೇ ಅಲ್ವಾ?

ಅಕ್ಕನಿಂದ ತಡವಾಯಿತು ಅನ್ನುವ ಲೆಕ್ಕವೇ ತಪ್ಪು. ಬೆಳಗ್ಗೆ ಅವರು ನಿಂತೇ ಇರಲಿಲ್ಲ. ಕೂತವರು ನಾವು. ಅಷ್ಟು ಹೊತ್ತು ಕೂತು, ಎದ್ದು ಓಡಿ, ಮತ್ತೆ ಕೂತು ಮಾಡುವ ಬದಲು ಮೊದಲಿನಿಂದಲೇ ಅವರನ್ನು ಮುಂದೆ ಬಿಟ್ಟಿದ್ದರೆ ಊಟವನ್ನು ತುದಿಯಲ್ಲೇ ಮಾಡುತ್ತಿದ್ದೆವು. ಎಷ್ಟೇ ವೇಗವಾಗಿ ನಡೆದರೂ ಗುಂಪು ತಲುಪುವುದು ಕೊನೆಯವರು ತಲುಪಿದಾಗಲೇ.

ನಮ್ಮೂರು ಹಾಸನದ ಕಡೆ. ಶಿವರಾತ್ರಿಗೆ ಅಲ್ಲಿಂದ ಧರ್ಮಸ್ಥಳಕ್ಕೆ ನಡೆದು ಹೋಗುತ್ತಾರೆ, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದು. ಅಪ್ಪ ಹೋಗುತ್ತಿದ್ದ ಗುಂಪಿನಲ್ಲಿ ವಯಸ್ಸಾದವರು, ಹೆಂಗಸರು ಎಲ್ಲರಿಗಿಂತ ಮುಂಚೆ ನಸುಕಿನಲ್ಲೇ ಹೊರಡುತ್ತಿದ್ದರು. ಹುಡುಗರು ಪಾತ್ರೆ ತೊಳೆದು, ಸಾಮಾನು ಗಾಡಿಗೆ ಹಾಕಿ ಆಮೇಲೆ ಹೆಜ್ಜೆ ಹಾಕುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೇ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಟ್ಟಿಗೆ ಹೋಗುವುದು ಅಂದರೆ ಹಾಗೇ ಅಂತ ಅವರಿಗೆ ಗೊತ್ತಿತ್ತು. ನಾವು ಒಂದೇ ಗಾಡಿಯಲ್ಲಿ ರಾತ್ರಿಯೆಲ್ಲ ಕೂತು ಹೋಗಿ, ಬೆಳಗ್ಗೆ ಒಬ್ಬೊಬ್ಬರೇ ನಡೆಯುತ್ತೇವೆ. ಕೈಯಲ್ಲಿ ವಾಚು, ವಾಚಿನಲ್ಲಿ ಕಿಲೋಮೀಟರು.

ಆಫೀಸಿನಲ್ಲೂ ಇದನ್ನೇ ನೋಡುತ್ತಿದ್ದೇನೆ. ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದ ಅಕ್ಕ ಕೆಲವು ವರ್ಷಗಳ ಮೇಲೆ ವಾಪಸ್ ಬಂದಾಗ ಅವರ ಜೊತೆಯವರೆಲ್ಲ ಮ್ಯಾನೇಜರ್ ಆಗಿದ್ದರು. ಬಂದ ದಿನವೇ ಪೂರ್ತಿ ಕೆಲಸ ಅವರ ಮೇಜಿನ ಮೇಲೆ ಬಿತ್ತು. ಹೊಸ ಸಾಫ್ಟ್‌ವೇರ್ ಕಲಿಯಲು ಒಂದು ವಾರವನ್ನೂ ಯಾರೂ ಕೊಡಲಿಲ್ಲ. ಬಂದ್ರಾ? ಸರಿ, ಹೊರಡೋಣ.

ನಿನ್ನೆ ರಾತ್ರಿ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಎರಡು ಗುಂಪು ಬೇಡ, ನಿಧಾನ ನಡೆಯುವವರು ಮುಂದಿರಲಿ, ಕೊನೆಯವರು ಬಂದು ಕೂತ ಮೇಲೆ ವಿಶ್ರಾಂತಿಯ ಹೊತ್ತು ಶುರುವಾಗಲಿ ಅಂತ. ಅವನು ಫೋನ್ ಮಾಡಿದ. "ನಾನು ಬೇಕಂತ ಅಂದಿದ್ದಲ್ಲ ಮಾರಾಯ" ಅಂದ. ಗೊತ್ತು ಅಂದೆ. ಒಂದು ಸಲ ನೀನು ಹಿಂದೆ ನಡೆದು ನೋಡು ಅಂದೆ. ಅವನಿನ್ನೂ ಒಪ್ಪಿಲ್ಲ, ನೋಡೋಣ ಅಂದಿದ್ದಾನೆ. ಇಬ್ಬರು ಮಾತ್ರ ನನ್ನ ಪರ ಬರೆದಿದ್ದಾರೆ. ಉಳಿದವರು ಒಪ್ಪಲಿ ಬಿಡಲಿ, ಕೊಡಚಾದ್ರಿಗೆ ಹೋಗುವುದು ಅಂತ ಅಕ್ಕನ ಹತ್ತಿರ ಮಾತಾಡಿಯಾಗಿದೆ. ಡಿಸೆಂಬರ್‌ನಲ್ಲಿ ಆದರೆ ಜಿಗಣೆ ಕಾಟವೂ ಕಡಿಮೆ. ರಜೆ ನೋಡಿ ಹೇಳ್ತೀನಿ ಅಂದಿದ್ದಾರೆ.