ಹನ್ನೆರಡು ಭಾಗದ ಹುರಿ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಪಾಯಾ ಹಾಕೋ ಗೌಂಡಿ ಒಂದು ಬದಿಗೆ 3 ಫೂಟು, ಇನ್ನೊಂದು ಬದಿಗೆ 4 ಫೂಟು ಗುರುತು ಮಾಡಿ, ಓರೆ 5 ಫೂಟು ಬಂತೇನಂತ ನೋಡ್ತಾನ. ಬಂದ್ರ ಮೂಲಿ ಸರಿ. ಮಕ್ಕಳಿಗೆ ಲಂಬಕೋನ ಕಲಿಸ್ಲಿಕ್ಕೆ ಇದು ಭಾಳ ಚಲೋ ದಾರಿ.

4 ಮೀಟರ್ ಹತ್ತಿ ಹುರಿ ತಗೊಂಡು 30 ಸೆಂ.ಮೀ.ಗೊಂದು ಸ್ಕೆಚ್ ಪೆನ್ ಗುರುತು, ಒಟ್ಟು 12 ಭಾಗ. ಗಂಟು ಹಾಕಬ್ಯಾಡ್ರಿ, ಗಂಟು ಹುರಿ ನುಂಗಿ ಅಳತಿ ಕೆಡಿಸ್ತದ. ನೈಲಾನ್ ಬ್ಯಾಡ, ಜಗ್ಗಿದ್ರ ಹಿಗ್ಗತದ. ಮೊದಲ ಗುರುತು, ಕೊನೇ ಗುರುತು ಕೂಡಿಸಿ ಒಬ್ಬಾಕಿ ಹಿಡೀಲಿ. ಮೂರು ಭಾಗ ಮುಗಿದಲ್ಲಿ ಇನ್ನೊಬ್ಬ, ಏಳು ಮುಗಿದಲ್ಲಿ ಮತ್ತೊಬ್ಬಾಕಿ. ಮೂವರೂ ಬಿಗಿಯಾಗಿ ಜಗ್ಗಿದ್ರ ಎರಡನೇಯವನ ಕೈಯಾಗ ಲಂಬಕೋನ. ನೋಟ್‌ಬುಕ್ ಮೂಲಿ ಇಟ್ಟು ನೋಡ್ರಿ. ಸರಿಯಾಗಿ ಕೂಡದಿದ್ರ ಉದ್ದನ ಬದಿ ಜೋತುಬಿದ್ದಿರ್ತದ, ಹೆಚ್ಚಾಗಿ ಅದೇ ತಪ್ಪು.

ಖರೇ ಮಜಾ ಮುಂದದ. ಮೂರು ಬದಿಗೆ 4-4-4 ಭಾಗ ಬರೂಹಂಗ ಹಿಡಿಸ್ರಿ, 5-5-2 ಹಿಡಿಸ್ರಿ. ಆಮ್ಯಾಲೆ 6-4-2 ಹಿಡೀರಿ ಅನ್ರಿ: ತ್ರಿಕೋನ ಆಗೂದಿಲ್ಲ, ಹುರಿ ಗೆರೆಯಾಗಿ ಮಲಗತದ. ಯಾಕಂತ ಮಕ್ಕಳೇ ಹುಡುಕಲಿ, ಉತ್ತರ ಹೇಳೋ ಅವಸರ ಬ್ಯಾಡ. 7-3-2 ಅಂತೂ ಹುರಿ ಜಗ್ಗಿ ಹಿಡೀಲಿಕ್ಕೇ ಬರೂದಿಲ್ಲ. 12 ಭಾಗದಾಗ ಇಡೀ ಭಾಗಗಳ ತ್ರಿಕೋನ ಮೂರೇ ಮೂರು.