‘ಆಫೀಸ್‌ನಲ್ಲಿರೋ ಥರದ್ದೇ ಒಂದು ರೌಟರ್ ಕ್ಲೌಡ್‌ನಲ್ಲೂ ಬೇಕು, ಯಾವುದು ತಗೊಳ್ಳಲಿ?’

ಪ್ರಶ್ನೆ ಬರುವುದು ಹೆಚ್ಚೂಕಡಿಮೆ ಇದೇ ಮಾತಿನಲ್ಲಿ: “ಸಾರ್, ನಮ್ಮ ಸರ್ವರ್‌ಗಳನ್ನೆಲ್ಲ ಕ್ಲೌಡ್‌ಗೆ ಹಾಕ್ತಿದ್ದೀವಿ. ಆಫೀಸ್‌ನಲ್ಲಿರೋ ಥರದ್ದೇ ಒಂದು ವರ್ಚುವಲ್ ರೌಟರ್ ಬೇಕು. ಯಾವುದು ಒಳ್ಳೇದು, ಒಂದು ಹೆಸರು ಹೇಳಿ ಸಾಕು.” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ, ಪೂರ್ತಿ ಓದಿ.

ವರ್ಚುವಲ್ ರೌಟರ್ ಎಂದರೆ ಪೆಟ್ಟಿಗೆಯಿಲ್ಲದೆ, ಕ್ಲೌಡ್‌ನ ಮೆಷಿನ್ ಮೇಲೆ ಸಾಫ್ಟ್‌ವೇರ್ ಆಗಿ ಓಡುವ ರೌಟರ್. ಹೆಸರು ಹೇಳುವುದು ಕಷ್ಟವಲ್ಲ. ಸಿಸ್ಕೋದ ಕ್ಯಾಟಲಿಸ್ಟ್ 8000ವಿ ಇದೆ, ಜೂನಿಪರ್‌ನ ವಿಎಸ್‌ಆರ್‌ಎಕ್ಸ್ ಇದೆ, ಮೈಕ್ರೋಟಿಕ್‌ನ ಸಿಎಚ್‌ಆರ್ ಇದೆ, ವೈಓಎಸ್ ಇದೆ. ಯಾವುದೂ ಬೇಡವೆಂದರೆ ಒಂದು ಲಿನಕ್ಸ್ ಮೇಲೆ ರೌಟಿಂಗ್‌ಗೆ ಎಫ್‌ಆರ್‌ಆರ್, ವಿಪಿಎನ್‌ಗೆ ಸ್ಟ್ರಾಂಗ್‌ಸ್ವಾನ್ ಹಾಕಿಕೊಂಡರೂ ನಡೆಯುತ್ತದೆ. ಇದರಲ್ಲಿ ಯಾವುದನ್ನು ತಗೊಂಡರೂ ಪ್ಯಾಕೆಟ್ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಎಷ್ಟು ಬ್ರಾಂಚು, ಎಷ್ಟು ಎಂಬಿಪಿಎಸ್, ಯಾವ ಕ್ಲೌಡು ಎಂದು ಹೇಳದೆ ಹೆಸರು ಕೇಳುವುದು, ಎಷ್ಟು ಎಲೆ ಬೀಳುತ್ತದೆ ಎಂದು ಹೇಳದೆ ಮದುವೆಗೆ ಅಕ್ಕಿ ಎಷ್ಟು ಬೇಕೆಂದು ಅಡುಗೆಭಟ್ಟರನ್ನು ಕೇಳಿದ ಹಾಗೆ. ಅದನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಸಿಟ್ಟು ಬರಿಸುವುದು ‘ಥರದ್ದೇ’ ಎನ್ನುವ ಒಂದು ಪದ. ಹಣ ಪೋಲಾಗುವುದು, ರಾತ್ರಿ ನಿದ್ದೆ ಕೆಡುವುದು ಎಲ್ಲ ಆ ಪದದಿಂದಲೇ ಶುರುವಾಗುತ್ತದೆ.

ಮೊದಲನೆಯದಾಗಿ, ಕ್ಲೌಡ್‌ನಲ್ಲಿ ಆಗಲೇ ಒಂದು ರೌಟರ್ ಇದೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ನೀವು ಒಂದು ಸಬ್‌ನೆಟ್ (ವಿಳಾಸಗಳ ಒಂದು ಗುಂಪು) ಮಾಡಿದರೆ ಅದರ 5 ವಿಳಾಸಗಳನ್ನು ಅವರು ಇಟ್ಟುಕೊಳ್ಳುತ್ತಾರೆ. 10.0.1.0/24 ಆದರೆ 10.0.1.1 ಅವರ ರೌಟರ್‌ದು. ಅದಕ್ಕೆ ಲಾಗಿನ್ ಇಲ್ಲ, ಪ್ರತ್ಯೇಕ ಬಿಲ್ ಇಲ್ಲ, ಅದನ್ನು ರೀಬೂಟ್ ಮಾಡುವ ಕೆಲಸವೂ ನಿಮಗಿಲ್ಲ. ನಿಮ್ಮ ಕೈಗೆ ಸಿಗುವುದು ಅದರ ರೌಟ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎನ್ನುವ ಪಟ್ಟಿ ಮಾತ್ರ. ಒಂದು ಆಫೀಸು, ಒಂದು ವಿಪಿಸಿ (ಕ್ಲೌಡ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್), ನಡುವೆ ಒಂದು ಸುರಕ್ಷಿತ ದಾರಿ, ಇಷ್ಟೇ ನಿಮ್ಮ ಅಗತ್ಯವಾದರೆ ಕ್ಲೌಡ್‌ನವರದೇ ವಿಪಿಎನ್ ಸಾಕು. ಎಡಬ್ಲ್ಯೂಎಸ್‌ನಲ್ಲಿ ಹೆಚ್ಚಿನ ರೀಜನ್‌ಗಳಲ್ಲಿ ಒಂದು ಕನೆಕ್ಷನ್‌ಗೆ ಗಂಟೆಗೆ 0.05 ಡಾಲರ್, ಅಂದರೆ ತಿಂಗಳಿಗೆ 36 ಡಾಲರ್ ಚಿಲ್ಲರೆ. ಅದರಲ್ಲಿ ಎರಡು ಟನಲ್ (ಗೂಢಲಿಪಿಯ ದಾರಿ) ಬರುತ್ತವೆ, ಮಾಮೂಲಿ ಟನಲ್ ಒಂದೊಂದೂ 1.25 ಜಿಬಿಪಿಎಸ್‌ವರೆಗೆ ಎಳೆಯುತ್ತದೆ. ಹುಬ್ಬಳ್ಳಿಯಲ್ಲಿರುವ 200 ಎಂಬಿಪಿಎಸ್ ಲೈನಿನ ಆಫೀಸಿಗೆ ಇದರ ಮೇಲೊಂದು ಲೈಸೆನ್ಸ್ ರೌಟರ್ ಯಾಕೆ?

“ನ್ಯಾಟ್ ಗೇಟ್‌ವೇ ಬಿಲ್ ಜಾಸ್ತಿ ಬರ್ತಿದೆ, ಅದಕ್ಕೇ ರೌಟರ್ ಹಾಕ್ತೀವಿ” ಎನ್ನುವವರೂ ಇದ್ದಾರೆ. ನ್ಯಾಟ್ ಗೇಟ್‌ವೇ ಎಂದರೆ ಖಾಸಗಿ ವಿಳಾಸದ ಮೆಷಿನ್‌ಗಳನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸಿ ಹೊರಗೆ ದಾಟಿಸುವ ಕ್ಲೌಡ್‌ನ ಸೇವೆ. ಬಿಲ್ ಬಿಡಿಸಿ ನೋಡಿ. ವರ್ಜೀನಿಯಾ ರೀಜನ್‌ನ ದರದಲ್ಲಿ ಗಂಟೆಗೆ 0.045 ಡಾಲರ್, ದಾಟಿಸಿದ ಪ್ರತಿ ಜಿಬಿಗೆ ಇನ್ನೊಂದು 0.045. ತಿಂಗಳಿಗೆ 10 ಟಿಬಿ ಹಾದುಹೋದರೆ ಗಂಟೆಯ ಬಾಬ್ತು 33 ಡಾಲರ್, ಜಿಬಿ ಬಾಬ್ತು 450. ಆ 10 ಟಿಬಿಯಲ್ಲಿ ಬಹುಪಾಲು ಎಸ್3ಗೆ (ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ) ಹೋಗುವ ಬ್ಯಾಕಪ್ ಆಗಿರುವುದೇ ಹೆಚ್ಚು. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಎನ್ನುವ ನೇರ ಒಳದಾರಿ ಹಾಕಿ ರೌಟ್ ಟೇಬಲ್‌ಗೆ ಸೇರಿಸಿದರೆ ಆ ಟ್ರಾಫಿಕ್ ನ್ಯಾಟ್ ಮುಟ್ಟುವುದೇ ಇಲ್ಲ, ಎಂಡ್‌ಪಾಯಿಂಟ್‌ಗೆ ಶುಲ್ಕವೂ ಇಲ್ಲ. ಮೊದಲು ಅದನ್ನು ಮಾಡಿ, ಒಂದು ತಿಂಗಳು ಬಿಟ್ಟು ರೌಟರ್ ಬಗ್ಗೆ ಮಾತಾಡೋಣ.

ನಿಜವಾಗಿ ವರ್ಚುವಲ್ ರೌಟರ್ ಬೇಕಾಗುವ ಸಂದರ್ಭಗಳೂ ಇವೆ, ಅವನ್ನು ಅಲ್ಲಗಳೆಯುವುದಿಲ್ಲ. ನೀವು ಕೊಂಡುಕೊಂಡ ಇನ್ನೊಂದು ಕಂಪನಿಯ ನೆಟ್‌ವರ್ಕೂ ನಿಮ್ಮದೂ ಒಂದೇ 10.0.0.0/16 ಆಗಿದ್ದರೆ ಪಿಯರಿಂಗ್ (ಎರಡನ್ನೂ ನೇರವಾಗಿ ಜೋಡಿಸುವುದು) ಮಾಡಲು ಬಿಡುವುದೇ ಇಲ್ಲ. ವಿಳಾಸಕ್ಕೆ ವಿಳಾಸ ಬದಲಿಸುವ ಒಂದಕ್ಕೊಂದು ನ್ಯಾಟ್ ಬೇಕು, ಅದು ರೌಟರ್ ಕೆಲಸ. ಅರವತ್ತು ಬ್ರಾಂಚುಗಳನ್ನು ಬೆಸೆಯುವ ಡಿಎಂವಿಪಿಎನ್ ಅಥವಾ ಎಸ್‌ಡಿ-ವ್ಯಾನ್ ಜಾಲ ಇದ್ದು ಅದರ ಒಂದು ತುದಿ ಕ್ಲೌಡ್‌ನಲ್ಲಿ ಕೂರಬೇಕಾದರೆ ಬೇಕು. ಎರಡು ಮೂರು ಕ್ಲೌಡ್‌ಗಳಲ್ಲಿ ಒಂದೇ ಕಾನ್ಫಿಗರೇಶನ್ ನಡೆಸಬೇಕೆಂದರೆ ಬೇಕು. ಬಿಜಿಪಿಯಲ್ಲಿ (ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪದ್ಧತಿ) ಪ್ರಿಫಿಕ್ಸ್ ಅಂದರೆ ವಿಳಾಸಗುಂಪುಗಳನ್ನು ಫಿಲ್ಟರ್ ಮಾಡುವುದು, ಹತ್ತಾರು ರೌಟ್‌ಗಳನ್ನು ಒಂದಾಗಿ ಒಟ್ಟುಗೂಡಿಸುವುದು ಇವಕ್ಕೂ ಬೇಕಾಗಬಹುದು. ಆಫೀಸಿನಿಂದ ಎಡಬ್ಲ್ಯೂಎಸ್‌ಗೆ ಎಳೆದ ಖಾಸಗಿ ಲೈನಾದ ಡೈರೆಕ್ಟ್ ಕನೆಕ್ಟ್‌ನ ಪ್ರೈವೇಟ್ ಇಂಟರ್ಫೇಸ್ ಮೇಲೆ 100ಕ್ಕಿಂತ ಹೆಚ್ಚು ರೌಟ್ ಕಳಿಸಿದರೆ ಬಿಜಿಪಿ ಸೆಷನ್ನೇ ಬಿದ್ದುಹೋಗುತ್ತದೆ. ಆದರೆ ಆ ಒಟ್ಟುಗೂಡಿಸುವಿಕೆ ಆಗಬೇಕಾದದ್ದು ಆಫೀಸಿನ ಕಡೆಯ ರೌಟರ್‌ನಲ್ಲಿ. ಇಂಥ ಒಂದಾದರೂ ಕಾರಣ ನಿಮಗಿದೆ ಎಂದುಕೊಂಡು ಮುಂದುವರಿಯುತ್ತೇನೆ.

ಈಗ ‘ಥರದ್ದೇ’ ವಿಷಯ.

ಆಫೀಸಿನಲ್ಲಿ ಎರಡು ರೌಟರ್ ಇಟ್ಟು, ಎರಡೂ ಒಂದೇ ವಿಳಾಸ ಹಂಚಿಕೊಳ್ಳುವಂತೆ ವಿಆರ್‌ಆರ್‌ಪಿ ಹಾಕಿರುತ್ತೀರಿ. ಒಂದು ಸತ್ತರೆ ಇನ್ನೊಂದು ಆ ವಿಳಾಸವನ್ನು ತನ್ನದೆಂದು ಎಆರ್‌ಪಿಯಲ್ಲಿ (ಯಾವ ವಿಳಾಸ ಯಾರದೆಂದು ಸಾರುವ ಸಂದೇಶ) ಕೂಗಿ ಹೇಳುತ್ತದೆ, ಸ್ವಿಚ್ ನಂಬುತ್ತದೆ. ಕ್ಲೌಡ್‌ನಲ್ಲಿ ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ. ಅಲ್ಲಿ ಲೇಯರ್ 2, ಅಂದರೆ ಸ್ವಿಚ್ ಕೆಲಸ ಮಾಡುವ ಹಂತ, ಬರೀ ತೋರಿಕೆ. ಯಾವ ವಿಳಾಸ ಯಾವ ಮೆಷಿನ್ನಿನದು ಎನ್ನುವುದು ಅವರ ಕಂಟ್ರೋಲರ್‌ನಲ್ಲಿ ಬರೆದಿಟ್ಟಿರುತ್ತದೆ, ನಿಮ್ಮ ಎಆರ್‌ಪಿಯಿಂದ ಅದು ಬದಲಾಗುವುದಿಲ್ಲ. ಕಾನ್ಫಿಗರೇಶನ್ ಒಪ್ಪಿಕೊಳ್ಳುತ್ತದೆ, ಸ್ಟೇಟಸ್‌ನಲ್ಲಿ ‘ಮಾಸ್ಟರ್’ ಎಂದೂ ತೋರಿಸುತ್ತದೆ, ಟ್ರಾಫಿಕ್ ಮಾತ್ರ ಸತ್ತ ರೌಟರ್‌ಗೇ ಹೋಗುತ್ತಿರುತ್ತದೆ.

ಇನ್ನೊಂದು, ಕ್ಲೌಡ್‌ನ ಮೆಷಿನ್ ತನ್ನದಲ್ಲದ ವಿಳಾಸದ ಪ್ಯಾಕೆಟ್ ದಾಟಿಸುವುದನ್ನು ತಾನಾಗಿ ಬಿಡುವುದಿಲ್ಲ. ಎಡಬ್ಲ್ಯೂಎಸ್‌ನಲ್ಲಿ ಸೋರ್ಸ್/ಡೆಸ್ಟಿನೇಶನ್ ಚೆಕ್ ಅನ್ನು ಪ್ರತಿ ಇಂಟರ್ಫೇಸ್‌ನಲ್ಲೂ ಆಫ್ ಮಾಡಬೇಕು, ಎರಡನೇ ಇಂಟರ್ಫೇಸ್ ಮರೆತುಹೋಗುವುದೇ ಮಾಮೂಲು ತಪ್ಪು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ನೆಟ್‌ವರ್ಕ್ ಇಂಟರ್ಫೇಸ್ ಮೇಲೆ ಐಪಿ ಫಾರ್ವರ್ಡಿಂಗ್ ಆನ್ ಮಾಡಬೇಕು, ಅದರ ಜೊತೆಗೆ ಒಳಗಿನ ಓಎಸ್‌ನಲ್ಲೂ ಆನ್ ಇರಬೇಕು. ಸೆಕ್ಯುರಿಟಿ ಗ್ರೂಪ್‌ನಲ್ಲಿ (ಕ್ಲೌಡ್‌ನ ಫೈರ್‌ವಾಲ್ ಪಟ್ಟಿ) ಎಸ್‌ಎಸ್‌ಎಚ್ ಪೋರ್ಟ್ ಮಾತ್ರ ತೆರೆದಿಟ್ಟು “ರೌಟಿಂಗ್ ಆಗ್ತಿಲ್ಲ” ಎನ್ನುತ್ತಾರೆ. ದಾಟಿಹೋಗುವ ಟ್ರಾಫಿಕ್‌ಗೂ ಅಲ್ಲಿ ಅನುಮತಿ ಬೇಕು. ಅಜೂರ್‌ನ ವರ್ಚುವಲ್ ನೆಟ್‌ವರ್ಕ್ ಒಳಗೆ ಬರೀ ಜಿಆರ್‌ಇ (ಒಂದು ಪ್ಯಾಕೆಟ್ ಒಳಗೆ ಇನ್ನೊಂದನ್ನು ಸುತ್ತುವ ಟನಲ್) ಪ್ಯಾಕೆಟ್ ದಾಟುವುದೇ ಇಲ್ಲ, ಒಮ್ಮೆಗೇ ಹಲವರಿಗೆ ಕಳಿಸುವ ಮಲ್ಟಿಕಾಸ್ಟೂ ಇಲ್ಲ. ಜಿಆರ್‌ಇಯನ್ನು ಐಪಿಸೆಕ್ (ಗೂಢಲಿಪಿಯ ವಿಪಿಎನ್) ಒಳಗೆ ಸುತ್ತಿಯೇ ಕಳಿಸಬೇಕು.

ಐಪಿಸೆಕ್ ಮಾತು ಬಂದದ್ದರಿಂದ ಹೇಳುತ್ತೇನೆ: ನಿಮ್ಮ ರೌಟರ್‌ನ ಎಲಾಸ್ಟಿಕ್ ಐಪಿ (ಎಡಬ್ಲ್ಯೂಎಸ್ ಕೊಡುವ ಸ್ಥಿರ ಸಾರ್ವಜನಿಕ ವಿಳಾಸ) ಅದರ ಇಂಟರ್ಫೇಸ್ ಮೇಲೆ ಇರುವುದಿಲ್ಲ. ಒಳಗೆ ಅದಕ್ಕೆ ಕಾಣುವುದು 10.0.1.20 ಥರದ ಖಾಸಗಿ ವಿಳಾಸ. ಹೊರಗಿನದನ್ನು ಕ್ಲೌಡ್ ದಾರಿಯಲ್ಲಿ ಬದಲಿಸುತ್ತದೆ. ಹಾಗಾಗಿ ಐಕೆಇಯಲ್ಲಿ (ಟನಲ್‌ಗೆ ಮುಂಚಿನ ಪರಸ್ಪರ ಪರಿಚಯದ ಹಂತ) ಲೋಕಲ್ ಐಡಿ ಏನೆಂದು ಬರೆಯದಿದ್ದರೆ ರೌಟರ್ ತನ್ನ ಖಾಸಗಿ ವಿಳಾಸವನ್ನೇ ಹೆಸರೆಂದು ಹೇಳುತ್ತದೆ, ಆಚೆ ಕಡೆಯವರು ಗುರುತು ಸಿಗಲಿಲ್ಲವೆಂದು ತಿರಸ್ಕರಿಸುತ್ತಾರೆ. ಲೋಕಲ್ ಐಡಿಯಲ್ಲಿ ಸಾರ್ವಜನಿಕ ವಿಳಾಸ ಬರೆಯಿರಿ, ಯುಡಿಪಿ 500 ಮತ್ತು 4500 ಎರಡನ್ನೂ ತೆರೆಯಿರಿ. ಬ್ರಾಂಚಿನ ಬ್ರಾಡ್‌ಬ್ಯಾಂಡ್‌ನವರು ಸ್ಟಾಟಿಕ್ ಐಪಿ ಕೊಡದೆ ಹಲವರಿಗೆ ಒಂದೇ ವಿಳಾಸ ಹಂಚಿದ್ದರೆ, ಟನಲ್ ಶುರುಮಾಡುವುದು ಯಾವಾಗಲೂ ಬ್ರಾಂಚಿನ ಕಡೆಯಿಂದಲೇ ಆಗಬೇಕು.

ಇನ್ನು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಅದು ತಪ್ಪಿದಾಗ, ಇದರ ಲಕ್ಷಣ ಒಂದೇ: ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಫೈಲ್ ಕಾಪಿ ಮಾಡಲು ಹೋದರೆ ನಿಂತುಬಿಡುತ್ತದೆ. ವಿಪಿಸಿ ಒಳಗೆ 9001 ಬೈಟ್‌ನ ಪ್ಯಾಕೆಟ್ ಓಡಾಡುತ್ತದೆ, ಇಂಟರ್ನೆಟ್ ಕಡೆಗೆ 1500, ಅದರಲ್ಲಿ ಐಪಿಸೆಕ್‌ನ ತಲೆಭಾರ 60ರಿಂದ 80 ಬೈಟ್ ಹೋಗುತ್ತದೆ. ‘ಪ್ಯಾಕೆಟ್ ದೊಡ್ಡದಾಯಿತು’ ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ನುಂಗಿರುತ್ತದೆ. ಟನಲ್ ಇಂಟರ್ಫೇಸ್ ಮೇಲೆ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ಡೇಟಾದ ಮಿತಿ) ಅನ್ನು 1350ಕ್ಕೆ ಕಟ್ಟಿಹಾಕಿ. ಅಜೂರ್‌ನವರು ಹೇಳುವ ಸಂಖ್ಯೆಯೂ ಅದೇ, ಬೇರೆ ಕಡೆಯೂ ನಡೆಯುತ್ತದೆ.

ಗಾತ್ರದ ಲೆಕ್ಕದಲ್ಲೂ ಇದೇ ಕಥೆ. ಡೇಟಾಶೀಟ್‌ನಲ್ಲಿ ‘10 ಜಿಬಿಪಿಎಸ್’ ನೋಡಿ ಕೊಳ್ಳುತ್ತಾರೆ. 1 ಜಿಬಿಪಿಎಸ್ ಅನ್ನು 1400 ಬೈಟ್‌ನ ಪ್ಯಾಕೆಟ್‌ಗಳಲ್ಲಿ ಕಳಿಸಿದರೆ ಸೆಕೆಂಡಿಗೆ ಸುಮಾರು 89,000 ಪ್ಯಾಕೆಟ್. ಅದೇ 1 ಜಿಬಿಪಿಎಸ್ 200 ಬೈಟ್‌ನ ವಾಯ್ಸ್ ಪ್ಯಾಕೆಟ್‌ಗಳಾದರೆ 6,25,000. ರೌಟರ್ ಏದುಸಿರು ಬಿಡುವುದು ಪ್ಯಾಕೆಟ್ ಎಣಿಕೆಗೆ. ಎಡಬ್ಲ್ಯೂಎಸ್‌ನಲ್ಲಿ ಪ್ರತಿ ಇನ್‌ಸ್ಟೆನ್ಸ್‌ಗೂ (ಬಾಡಿಗೆಯ ಮೆಷಿನ್) ಪ್ಯಾಕೆಟ್ ಮಿತಿ ಇದೆ. ಮೀರಿದ್ದನ್ನು ಅವರು ಸದ್ದಿಲ್ಲದೆ ಬಿಸಾಡುತ್ತಾರೆ, ರೌಟರ್‌ನ ಸಿಪಿಯು 30 ಪರ್ಸೆಂಟ್‌ನಲ್ಲೇ ಇರುತ್ತದೆ. ಲಿನಕ್ಸ್ ಆಧಾರಿತ ರೌಟರ್ ಆದರೆ ಈಥ್‌ಟೂಲ್ ಎನ್ನುವ ಕಮಾಂಡ್‌ನಲ್ಲಿ ‘ಪಿಪಿಎಸ್ ಅಲೋಯೆನ್ಸ್ ಎಕ್ಸೀಡೆಡ್’ ಮತ್ತು ‘ಕಾನ್‌ಟ್ರ್ಯಾಕ್ ಅಲೋಯೆನ್ಸ್ ಎಕ್ಸೀಡೆಡ್’ ಎನ್ನುವ ಎಣಿಕೆಗಳನ್ನು ನೋಡಿ, ಏರುತ್ತಿದ್ದರೆ ಅದೇ ಕಾರಣ. ‘ಅಪ್ ಟು’ ಎಂದು ಬರೆದಿರುವ ಸಣ್ಣ ಇನ್‌ಸ್ಟೆನ್ಸ್‌ಗಳು ಸ್ವಲ್ಪ ಹೊತ್ತು ವೇಗವಾಗಿ ಓಡಿ ಆಮೇಲೆ ಇಳಿಯುತ್ತವೆ. ಐದು ನಿಮಿಷದ ಟೆಸ್ಟ್ ನಂಬಬೇಡಿ, ಎರಡು ಗಂಟೆ ಓಡಿಸಿ. ಸಾಮಾನ್ಯವಾಗಿ ಒಂದೇ ಫ್ಲೋ (ಎರಡು ಮೆಷಿನ್ ನಡುವಿನ ಒಂದು ಸಂಪರ್ಕ) 5 ಜಿಬಿಪಿಎಸ್ ದಾಟುವುದಿಲ್ಲ. ಒಂದು ಐಪಿಸೆಕ್ ಟನಲ್‌ನ ಎನ್‌ಕ್ರಿಪ್ಶನ್ ಬಹುತೇಕ ಒಂದೇ ಕೋರ್ ಮೇಲೆ ಕೂರುತ್ತದೆ, ಅಲ್ಲಿ 8 ಕೋರ್ ಬದಲು 16 ಕೊಟ್ಟರೆ ಬಿಲ್ ಮಾತ್ರ ಏರುತ್ತದೆ. ಟನಲ್‌ಗಳನ್ನು ಹೆಚ್ಚಿಸಿ ಟ್ರಾಫಿಕ್ ಹಂಚಿ. ಲೈಸೆನ್ಸ್ ಮಿತಿಯನ್ನೂ ಮರೆಯಬೇಡಿ: ಸಿಎಚ್‌ಆರ್‌ನ ಉಚಿತ ಲೈಸೆನ್ಸ್ ಪ್ರತಿ ಇಂಟರ್ಫೇಸ್‌ಗೆ 1 ಎಂಬಿಪಿಎಸ್, ಪಿ1 ಅಂದರೆ 1 ಜಿಬಿಪಿಎಸ್, ಪಿ10 ಅಂದರೆ 10.

ಇಷ್ಟೆಲ್ಲ ಕೇಳುತ್ತೀರಿ, ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: “ರಾತ್ರಿ ಎರಡಕ್ಕೆ ಈ ರೌಟರ್ ಸತ್ತರೆ ರೌಟ್ ಟೇಬಲ್ ಬದಲಿಸುವವರು ಯಾರು?” ಕ್ಲೌಡ್‌ನ ರೌಟ್ ಟೇಬಲ್‌ನಲ್ಲಿ ನೀವೇ ‘0.0.0.0/0 ಹೋಗುವುದು ಈ ಇಂಟರ್ಫೇಸ್‌ಗೆ’ ಎಂದು ಬರೆದಿದ್ದೀರಿ. ಆ ಇಂಟರ್ಫೇಸ್ ಹಿಂದಿನ ಮೆಷಿನ್ ಸತ್ತರೂ ಆ ಸಾಲು ಅಲ್ಲೇ ಇರುತ್ತದೆ.

ಎರಡನೇ ರೌಟರ್‌ನಲ್ಲಿ ಒಂದು ಸ್ಕ್ರಿಪ್ಟ್ ಇಟ್ಟು, ಮೊದಲನೆಯದು ಉತ್ತರಿಸದಿದ್ದರೆ ಎಪಿಐ (ಪ್ರೋಗ್ರಾಂನಿಂದ ಕ್ಲೌಡ್‌ಗೆ ಆಜ್ಞೆ ಕೊಡುವ ದಾರಿ) ಮೂಲಕ ಆ ಸಾಲು ಬದಲಿಸುವುದು ಹಳೆಯ ದಾರಿ. ಆ ಇನ್‌ಸ್ಟೆನ್ಸ್‌ಗೆ ರೌಟ್ ಬದಲಿಸುವ ಐಎಎಂ (ಎಡಬ್ಲ್ಯೂಎಸ್‌ನ ಹಕ್ಕುಗಳ ವ್ಯವಸ್ಥೆ) ಅನುಮತಿ ಕೊಟ್ಟಿದ್ದೀರಾ? ಎರಡನೆಯದು ಎಪಿಐ ತಲುಪಲು ಇಂಟರ್ನೆಟ್‌ಗೆ ಹೋಗುವುದು ಮೊದಲನೆಯ ರೌಟರ್ ಮೂಲಕವೇ ಆಗಿದ್ದರೆ ಕರೆ ಹೊರಗೇ ಹೋಗುವುದಿಲ್ಲ. ಅದಕ್ಕೆ ತನ್ನದೇ ಸಾರ್ವಜನಿಕ ವಿಳಾಸವೋ ಇಸಿ2ರ (ಎಡಬ್ಲ್ಯೂಎಸ್‌ನ ಮೆಷಿನ್ ಸೇವೆ) ಇಂಟರ್ಫೇಸ್ ಎಂಡ್‌ಪಾಯಿಂಟೋ ಬೇಕು. ಇಬ್ಬರ ನಡುವಿನ ದಾರಿ ಮಾತ್ರ ಕೆಟ್ಟು ಇಬ್ಬರೂ ಬದುಕಿದ್ದರೆ ಇಬ್ಬರೂ ಯಜಮಾನರಾಗಲು ಎಳೆದಾಡುತ್ತಾರೆ, ಅದಕ್ಕೂ ಸ್ಕ್ರಿಪ್ಟ್‌ನಲ್ಲಿ ಉತ್ತರ ಇರಬೇಕು.

ಬಿಜಿಪಿ ದಾರಿ ಇದಕ್ಕಿಂತ ಒಳ್ಳೆಯದು. ಅಜೂರ್‌ನಲ್ಲಿ ರೌಟ್ ಸರ್ವರ್, ಎಡಬ್ಲ್ಯೂಎಸ್‌ನಲ್ಲಿ ಟ್ರಾನ್ಸಿಟ್ ಗೇಟ್‌ವೇ ಕನೆಕ್ಟ್: ನಿಮ್ಮ ರೌಟರ್ ಬಿಜಿಪಿಯಲ್ಲಿ ರೌಟ್ ಹೇಳುತ್ತದೆ, ಸತ್ತರೆ ರೌಟ್ ತಾನಾಗಿ ಹೋಗುತ್ತದೆ. ಆದರೆ ಹೋಲ್ಡ್ ಟೈಮರ್, ಅಂದರೆ ಸತ್ತಿದೆ ಎಂದು ತೀರ್ಮಾನಿಸುವ ಮುನ್ನ ಕಾಯುವ ಸಮಯ, ಸಿಸ್ಕೋದಲ್ಲಿ ಮುಟ್ಟದೆ ಬಿಟ್ಟರೆ 180 ಸೆಕೆಂಡು. ಆಚೆ ಕಡೆಯದೂ ಅಷ್ಟೇ ಇದ್ದರೆ ಮೂರು ನಿಮಿಷದವರೆಗೆ ಟ್ರಾಫಿಕ್ ಬಾವಿಗೆ ಬೀಳುವುದು ನಿಮಗೆ ಒಪ್ಪಿಗೆಯೇ ಎಂದು ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಇಳಿಸಿ. ಟ್ರಾಫಿಕ್ ಹಂಚುವ ಅಜೂರ್‌ನ ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ರೌಟರ್ ಇಡುವವರು ಒಂದು ಗುಂಡಿಗೆ ಬಿದ್ದೇ ಬೀಳುತ್ತಾರೆ. ಆರೋಗ್ಯ ತಪಾಸಣೆಯ ಪ್ಯಾಕೆಟ್ ಯಾವಾಗಲೂ 168.63.129.16ರಿಂದ ಬರುತ್ತದೆ, ಎರಡು ಇಂಟರ್ಫೇಸ್ ಇದ್ದರೆ ಎರಡಕ್ಕೂ ಅದೇ ವಿಳಾಸದಿಂದ. ಒಳಗಿನ ಇಂಟರ್ಫೇಸ್‌ಗೆ ಬಂದದ್ದಕ್ಕೆ ರೌಟರ್ ಹೊರಗಿನದರಿಂದ ಉತ್ತರ ಕೊಟ್ಟರೆ ಅಜೂರ್ ‘ಸತ್ತಿದೆ’ ಎಂದು ಬರೆದುಕೊಳ್ಳುತ್ತದೆ. ಬಂದ ಇಂಟರ್ಫೇಸ್‌ನಿಂದಲೇ ಉತ್ತರ ಹೋಗುವಂತೆ ಪ್ರತ್ಯೇಕ ರೌಟಿಂಗ್ ಟೇಬಲ್ ಬೇಕು. ಎರಡೂ ರೌಟರ್ ಏಕಕಾಲಕ್ಕೆ ಓಡುತ್ತಿದ್ದು ಹೋಗುವ ಪ್ಯಾಕೆಟ್ ಒಂದರಲ್ಲಿ, ಮರಳುವುದು ಇನ್ನೊಂದರಲ್ಲಿ ಆದರೆ, ಸ್ಟೇಟ್ (ಸಂಪರ್ಕದ ಹಿಂದುಮುಂದು) ನೋಡುವ ಫೈರ್‌ವಾಲ್ ಅದನ್ನು ಕಡಿದುಹಾಕುತ್ತದೆ. ಟ್ರಾನ್ಸಿಟ್ ಗೇಟ್‌ವೇಯಲ್ಲಿ ಅಪ್ಲಯನ್ಸ್ ಮೋಡ್ ಇರುವುದು ಇದಕ್ಕೇ.

ಬ್ಯಾಂಕ್ ಅಥವಾ ಪೇಮೆಂಟ್ ಕಂಪನಿಯ ಎಪಿಐ ಬಳಸುವವರು ಇನ್ನೂ ಒಂದು ನೋಡಬೇಕು. ಅವರು ನಿಮ್ಮ ಒಂದು ಸಾರ್ವಜನಿಕ ವಿಳಾಸವನ್ನು ಮಾತ್ರ ಒಳಗೆ ಬಿಡುವಂತೆ ಬರೆದುಕೊಂಡಿರುತ್ತಾರೆ. ಎರಡನೇ ರೌಟರ್‌ನ ವಿಳಾಸ ಬೇರೆಯಾದರೆ ನೆಟ್‌ವರ್ಕ್ ಸರಿಹೋದ ಮೇಲೂ ಹಣ ಪಾವತಿ ನಿಂತಿರುತ್ತದೆ. ಎರಡೂ ವಿಳಾಸಗಳನ್ನು ಮೊದಲೇ ಬರೆಸಿ, ಅಥವಾ ಎಲಾಸ್ಟಿಕ್ ಐಪಿಯನ್ನೂ ಸ್ಕ್ರಿಪ್ಟ್‌ನಲ್ಲೇ ವರ್ಗಾಯಿಸಿ. ಎರಡು ರೌಟರ್ ಎಂದರೆ ಎರಡು ಲೈಸೆನ್ಸ್, ಜೊತೆಗೆ ಎಡಬ್ಲ್ಯೂಎಸ್‌ನಲ್ಲಿ ಝೋನ್‌ನಿಂದ (ಒಂದೇ ರೀಜನ್‌ನ ಡೇಟಾಸೆಂಟರ್ ಗುಂಪು) ಝೋನ್‌ಗೆ ದಾಟುವ ಟ್ರಾಫಿಕ್‌ಗೆ ಜಿಬಿಗೆ 0.01 ಡಾಲರ್, ಅದೂ ಎರಡೂ ಕಡೆಗೆ.

ಭದ್ರತೆ ಬಗ್ಗೆ ಚಿಕ್ಕದಾಗಿ. ರೌಟರ್‌ನ ವೆಬ್ ಪುಟವನ್ನಾಗಲಿ ಬೇರೆ ನಿರ್ವಹಣೆಯ ಪೋರ್ಟನ್ನಾಗಲಿ ಇಂಟರ್ನೆಟ್‌ಗೆ ತೆರೆದಿಡಬೇಡಿ. 2018ರಲ್ಲಿ ಮೈಕ್ರೋಟಿಕ್‌ನ ನಿರ್ವಹಣಾ ಸಾಧನ ವಿನ್‌ಬಾಕ್ಸ್, 2023ರ ಅಕ್ಟೋಬರ್‌ನಲ್ಲಿ ಸಿಸ್ಕೋ ಐಓಎಸ್ ಎಕ್ಸ್‌ಇಯ ವೆಬ್ ಯುಐ, ಎರಡರ ದೋಷವೂ ಹೀಗೆ ತೆರೆದಿಟ್ಟವರನ್ನೇ ಬಲಿ ಪಡೆಯಿತು. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದಂತೆ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು. ರೌಟರ್‌ನ ಲಾಗ್ ಅದರ ಡಿಸ್ಕ್‌ನಲ್ಲೇ ಇದ್ದರೆ ಇನ್‌ಸ್ಟೆನ್ಸ್ ಅಳಿಸಿದ ದಿನ ಲಾಗೂ ಹೋಯಿತು. ಮೊದಲ ದಿನವೇ ಲಾಗ್‌ಗಳನ್ನು ಸಿಸ್‌ಲಾಗ್ ಮೂಲಕ ಬೇರೆ ಮೆಷಿನ್‌ಗೆ ಕಳಿಸಿ.

ಕೊಳ್ಳುವ ಮುನ್ನ ಎರಡು ವಾರ ಟ್ರಯಲ್ ಹಾಕಿಸಿ. ಒಂದು ಶನಿವಾರ ರಾತ್ರಿ ಬ್ರಾಂಚಿನಿಂದ 20 ಜಿಬಿಯ ಫೈಲ್ ಕಾಪಿ ಶುರುಮಾಡಿ, ಪಕ್ಕದಲ್ಲೇ ಸೆಕೆಂಡಿಗೊಂದು ಪಿಂಗ್ ಬಿಡಿ, ಓಡುತ್ತಿರುವ ರೌಟರ್‌ನ ಇನ್‌ಸ್ಟೆನ್ಸ್ ಅನ್ನು ಕನ್ಸೋಲ್‌ನಿಂದ ನಿಲ್ಲಿಸಿ. ಎಷ್ಟು ಪಿಂಗ್ ಕಳೆದುಹೋಯಿತು, ಕಾಪಿ ಮುಂದುವರಿಯಿತೋ ಮುರಿಯಿತೋ ಬರೆದಿಟ್ಟುಕೊಳ್ಳಿ. ಆಮೇಲೆ ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಿ ನೋಡಿ, ವಾಪಸ್ ಬರುವಾಗ ಇನ್ನೊಮ್ಮೆ ಕಡಿಯುವ ಸೆಟಪ್‌ಗಳೇ ಹೆಚ್ಚು. ಎರಡೂ ಸಲ ಕಳೆದುಹೋದ ಪಿಂಗ್‌ಗಳ ಸಂಖ್ಯೆ, ಬ್ರಾಂಚುಗಳ ಲೆಕ್ಕ, ಯಾವ ಕ್ಲೌಡ್ ಎನ್ನುವುದು, ಇಷ್ಟು ಕಳಿಸಿ. ಆಗ ಹೆಸರು ಹೇಳುತ್ತೇನೆ.